ಗೋವಿನಜೋಳದ ಲದ್ದಿಹುಳು: ಮೊಬೈಲ್ ಎಐ ಹೇಳಿದ ಹಾಗೆ ಔಷಧಿ ಹೊಡೆಸಬಹುದೇ?

ಹಾವೇರಿ_ಬೇಸಾಯ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಒಂದು ರೈತ ಉತ್ಪಾದಕ ಕಂಪನಿಯ 260 ಎಕರೆ ಗೋವಿನಜೋಳಕ್ಕೆ (ಮೆಕ್ಕೆಜೋಳ) ಈ ಮುಂಗಾರಿನಲ್ಲಿ ಲದ್ದಿಹುಳು (ಫಾಲ್ ಆರ್ಮಿವರ್ಮ್) ಸಮೀಕ್ಷೆಯ ಏರ್ಪಾಟು ಆಗಬೇಕಿದೆ. ಎಲ್ಲವೂ ಮಳೆಯಾಶ್ರಿತ. ಬಿತ್ತನೆ ಜೂನ್ ಎರಡನೇ ವಾರದಿಂದ ಜುಲೈ ಮೊದಲ ವಾರದವರೆಗೆ ಹಿಂದೆಮುಂದೆ ಇರುತ್ತದೆ. ಹೊಲ ಸುತ್ತಲು ನಾಲ್ಕು ಹುಡುಗರಿದ್ದಾರೆ, ಎಲ್ಲರ ಕೈಯಲ್ಲೂ ಸಾಧಾರಣ ಆಂಡ್ರಾಯ್ಡ್ ಮೊಬೈಲ್. ಹೊಲದಲ್ಲಿ ನೆಟ್‌ವರ್ಕ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಫೋಟೊ ನೋಡಿ ಕೀಟ ಗುರುತಿಸುವ ಎಐ ಆ್ಯಪ್ ಬಳಸುವುದು, ಅದು ಹುಳು ಇದೆ ಎಂದ ಹೊಲಕ್ಕೆ ಔಷಧಿ ಹೊಡೆಸುವುದು, ಇದು ಕಂಪನಿಯ ಯೋಚನೆ. ಅದಕ್ಕೆ ಮುಂಚೆ ಕೆಲವು ಪ್ರಶ್ನೆಗಳು. ಆ್ಯಪ್‌ನವರು ಶೇ. 95, ಶೇ. 99 ನಿಖರತೆ ಅನ್ನುತ್ತಾರೆ. ಅದನ್ನು ನಮ್ಮ ಹೊಲಕ್ಕೆ ಎಷ್ಟು ನಂಬಬಹುದು? ಒಂದು ಹೊಲದಲ್ಲಿ ಎಷ್ಟು ಗಿಡ ನೋಡಬೇಕು, ಯಾವಾಗಿನಿಂದ? ಔಷಧಿ ಹೊಡೆಯುವ ಮಿತಿ ಬಾಧಿತ ಗಿಡ ಶೇ. 5 ಎಂದು ಒಂದು ಕಡೆ ಇದೆ, ಶೇ. 20 ಎಂದು ಇನ್ನೊಂದು ಕಡೆ ಇದೆ, ಯಾವುದು ಸರಿ? ಕೊನೆಯದಾಗಿ, ರೈತರು ಕನ್ನಡದಲ್ಲೇ ಮಾತಾಡಿ ಕೇಳಿದರೆ ಔಷಧಿಯ ಪ್ರಮಾಣ ಹೇಳುವ ಚಾಟ್‌ಬಾಟ್ ಇಡುವುದು ಕ್ಷೇಮವೇ?

---

ಚಿತ್ರ_ಲೆಕ್ಕ

ಮೊದಲು ನಿಖರತೆಯ ಮಾತು, ಯಾಕೆಂದರೆ ದುಡ್ಡು ಹೋಗುವುದು ಅಲ್ಲೇ.

ಈ ಆ್ಯಪ್‌ಗಳ ಹಿಂದಿನ ಸಂಶೋಧನೆಯಲ್ಲಿ ಹೆಚ್ಚು ಬಳಕೆಯಾದ ಚಿತ್ರಸಂಗ್ರಹ ಪ್ಲಾಂಟ್‌ವಿಲೇಜ್. ಅದರಲ್ಲಿ 54,306 ಎಲೆಗಳ ಚಿತ್ರ, 14 ಬೆಳೆ, 26 ರೋಗ. 2016ರ ಮೂಲ ಪ್ರಬಂಧದಲ್ಲಿ ಮಾದರಿ (ಚಿತ್ರ ನೋಡಿ ಕಲಿತ ಎಐ) ಶೇ. 99.35 ನಿಖರತೆ ತೋರಿಸಿತು. ಅದೇ ಪ್ರಬಂಧದಲ್ಲಿ, ಬೇರೆ ಪರಿಸ್ಥಿತಿಯಲ್ಲಿ ತೆಗೆದ ಚಿತ್ರ ಕೊಟ್ಟಾಗ ನಿಖರತೆ ಶೇ. 31ರ ಆಸುಪಾಸಿಗೆ ಬಿತ್ತು. ಯಾಕೆಂದರೆ ಸಂಗ್ರಹದಲ್ಲಿದ್ದವು ಎಲೆ ಕಿತ್ತು, ಒಂದೇ ಬಣ್ಣದ ಹಾಳೆಯ ಮೇಲಿಟ್ಟು ತೆಗೆದ ಚಿತ್ರಗಳು. 2022ರಲ್ಲಿ ಇನ್ನೊಂದು ತಂಡ, ಎಲೆಯನ್ನು ಬಿಟ್ಟು ಹಿನ್ನೆಲೆಯ ಬರೀ 8 ಪಿಕ್ಸೆಲ್‌ಗಳನ್ನು ಕಲಿಸಿ ಶೇ. 49 ನಿಖರತೆ ಪಡೆದು ತೋರಿಸಿತು. ಅಂದರೆ ರೋಗದ ಜೊತೆಗೆ ಫೋಟೊ ತೆಗೆದ ಜಾಗವನ್ನೂ ಯಂತ್ರ ಕಲಿತುಬಿಟ್ಟಿರುತ್ತದೆ. ಹಾಗಾಗಿ ಕಂಪನಿ ಹೇಳುವ ಶೇಕಡಾವಾರನ್ನು ಪಕ್ಕಕ್ಕಿಟ್ಟು ನಿಮ್ಮ ಹೊಲದಲ್ಲೇ ಅಳೆಯಿರಿ.

ಅಳೆಯುವುದು ಹೀಗೆ. ಬಿತ್ತಿದ 15ರಿಂದ 25 ದಿನದೊಳಗಿನ ಐದಾರು ಬೇರೆ ಬೇರೆ ಹೊಲ ಆರಿಸಿ. ಹುಳು ಬಲ್ಲವರೊಬ್ಬರು ಸುಳಿ ಬಿಡಿಸಿ ನೋಡಿ ಖಚಿತಪಡಿಸಿದ 100 ಬಾಧಿತ ಗಿಡ, 100 ಬಾಧೆಯಿಲ್ಲದ ಗಿಡ ಬೇಕು. ಫೋಟೊ ಮೊದಲು, ಸುಳಿ ಬಿಡಿಸುವುದು ಆಮೇಲೆ. ಬಾಧೆಯಿಲ್ಲದ ನೂರರಲ್ಲಿ ಚೆನ್ನಾಗಿರುವ ಗಿಡಗಳನ್ನೇ ತುಂಬಿಸಬೇಡಿ. ಗಾಳಿಗೆ ಹರಿದ ಎಲೆ, ಮಿಡತೆ ತಿಂದ ಅಂಚು, ಸತುವಿನ ಕೊರತೆಯ ಬಿಳಿ ಪಟ್ಟೆ, ಕಳೆನಾಶಕ ತಾಗಿ ಸುಟ್ಟ ಎಲೆ, ಕಾಂಡ ಕೊರೆಯುವ ಹುಳುವಿನ ತೂತು ಇವೆಲ್ಲ ಅರ್ಧದಷ್ಟಾದರೂ ಇರಲಿ. ನಾಲ್ಕೂ ಮೊಬೈಲಿನಲ್ಲಿ ತೆಗೆಯಿರಿ. ಬೆಳಿಗ್ಗೆ, ಮಧ್ಯಾಹ್ನ, ಮೋಡ ಕವಿದಾಗ ಮೂರೂ ಹೊತ್ತು ಬರಲಿ.

ಬಾಧಿತ ನೂರರಲ್ಲಿ ಆ್ಯಪ್ ಎಷ್ಟನ್ನು ಹಿಡಿಯಿತೋ ಅದು ಅದರ ಹಿಡಿಯುವ ಶಕ್ತಿ. ಬಾಧೆಯಿಲ್ಲದ ನೂರರಲ್ಲಿ ಎಷ್ಟನ್ನು ಸರಿಯಾಗಿ ಬಿಟ್ಟಿತೋ ಅದು ಬಿಡುವ ಶಕ್ತಿ. ಎರಡನ್ನೂ ಬೇರೆ ಬೇರೆ ಬರೆದಿಡಿ, ಸರಾಸರಿ ಮಾಡಬೇಡಿ.

ಯಾಕೆಂದರೆ ಲೆಕ್ಕ ನೋಡಿ. ಎರಡೂ ಶೇ. 90 ಇದೆ ಎಂದುಕೊಳ್ಳೋಣ, ಒಳ್ಳೆಯ ಆ್ಯಪ್ ಅದು. ಹೊಲದಲ್ಲಿ ನಿಜವಾಗಿ ಶೇ. 5 ಗಿಡಕ್ಕೆ ಹುಳು ಇದೆ. ನೂರು ಗಿಡದಲ್ಲಿ ಬಾಧಿತ 5ರಲ್ಲಿ 4.5 ಹಿಡಿಯುತ್ತದೆ. ಬಾಧೆಯಿಲ್ಲದ 95ರಲ್ಲಿ ಶೇ. 10, ಅಂದರೆ 9.5 ಗಿಡಕ್ಕೆ ಸುಮ್ಮನೆ ಹುಳು ಇದೆ ಅನ್ನುತ್ತದೆ. ಒಟ್ಟು 14. ನಿಮ್ಮ ಮಿತಿ ಶೇ. 10 ಆಗಿದ್ದರೆ, ಹೊಡೆಯಬೇಕಿಲ್ಲದ ಹೊಲಕ್ಕೆ ಔಷಧಿ ಬಿತ್ತು. ಮೊದಲ ವಾರಗಳಲ್ಲಿ ಬಾಧೆ ಯಾವಾಗಲೂ ಕಡಿಮೆ ಇರುವುದರಿಂದ ಈ ತಪ್ಪು ಅಲ್ಲೊಂದು ಇಲ್ಲೊಂದು ಹೊಲದಲ್ಲಿ ಆಗುವುದಲ್ಲ, 260 ಎಕರೆಗೂ ಆಗುತ್ತದೆ.

ಸರಿಪಡಿಸುವ ಸೂತ್ರ ಸುಲಭ, ಎಲ್ಲವನ್ನೂ ದಶಾಂಶದಲ್ಲಿ ಇಟ್ಟುಕೊಳ್ಳಿ:

ನಿಜ ಬಾಧೆ = (ಆ್ಯಪ್ ತೋರಿಸಿದ್ದು + ಬಿಡುವ ಶಕ್ತಿ − 1) ÷ (ಹಿಡಿಯುವ ಶಕ್ತಿ + ಬಿಡುವ ಶಕ್ತಿ − 1)

ಮೇಲಿನ ಉದಾಹರಣೆಗೆ (0.14 + 0.90 − 1) ÷ 0.80 = 0.05. ಆ್ಯಪ್ ಶೇ. 26 ತೋರಿಸಿದರೆ ನಿಜ ಶೇ. 20. ಶೇ. 10ಕ್ಕಿಂತ ಕಡಿಮೆ ತೋರಿಸಿದರೆ ಉತ್ತರ ಋಣ ಸಂಖ್ಯೆ ಬರುತ್ತದೆ, ಅದನ್ನು ಸೊನ್ನೆ ಎಂದೇ ಹಿಡಿಯಿರಿ. ಒಂದು ಎಚ್ಚರಿಕೆ: 100 ಚಿತ್ರದಲ್ಲಿ 90 ಸರಿ ಬಂದರೂ ನಿಜವಾದ ಶಕ್ತಿ ಶೇ. 82ರಿಂದ 95ರೊಳಗೆ ಎಲ್ಲಾದರೂ ಇರಬಹುದು. ಆದ್ದರಿಂದ ಸೂತ್ರಕ್ಕಿಂತ ಗಟ್ಟಿ ದಾರಿ ಇನ್ನೊಂದಿದೆ. ಆ್ಯಪನ್ನು ಜರಡಿಯ ಹಾಗೆ ಬಳಸಿ: ಅದು ಹುಳು ಇದೆ ಅಂದ 14 ಗಿಡಗಳ ಸುಳಿಯನ್ನು ಮಾತ್ರ ಕೈಯಲ್ಲಿ ಬಿಡಿಸಿ ನೋಡಿ, ಸಿಕ್ಕ ಸಂಖ್ಯೆಯನ್ನು ಹಿಡಿಯುವ ಶಕ್ತಿಯಿಂದ ಭಾಗಿಸಿ. 4.5 ÷ 0.9 = 5. ಸುಳ್ಳು ಎಚ್ಚರಿಕೆಯ ಕಾಟ ಇಲ್ಲಿ ಪೂರ್ತಿ ತಪ್ಪುತ್ತದೆ.

ನೆಟ್‌ವರ್ಕ್ ಇಲ್ಲದ ಕಡೆ ಮಾದರಿ ಮೊಬೈಲಿನೊಳಗೇ ಓಡುವ ಆ್ಯಪ್ ಬೇಕು. ಆಫ್ರಿಕಾದಲ್ಲಿ ಬಳಕೆಯಲ್ಲಿರುವ ನುರು ಈ ಬಗೆಯದು. ಕೇಂದ್ರ ಸರ್ಕಾರ 2024ರ ಆಗಸ್ಟ್ 15ರಂದು ಆರಂಭಿಸಿದ ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆಯ ಆ್ಯಪನ್ನೂ ಇದೇ 200 ಗಿಡದ ಪರೀಕ್ಷೆಗೆ ಒಳಪಡಿಸಿ. ಯಾರದ್ದೇ ಆಗಲಿ, ಪರೀಕ್ಷೆ ಒಂದೇ.

---

ಸುಳಿ_ಕೀಟ

ಮೇಲಿನವರ ಲೆಕ್ಕ ಸರಿ. ಆದರೆ ಫೋಟೊ ತಪ್ಪಾಗಿದ್ದರೆ ಲೆಕ್ಕವೂ ಕೈಕೊಡುತ್ತದೆ, ಹಾಗಾಗಿ ಯಾವುದರ ಫೋಟೊ ಎಂಬುದು ಮುಖ್ಯ.

ಲದ್ದಿಹುಳು ತಿಂದ ತೂತು ಹುಳು ಸತ್ತ ಮೇಲೂ ಎಲೆಯಲ್ಲಿ ಉಳಿಯುತ್ತದೆ. ಔಷಧಿ ಹೊಡೆದು ಐದು ದಿನಕ್ಕೆ ಫೋಟೊ ತೆಗೆದರೆ ಆ್ಯಪ್ ಮತ್ತೆ ಹುಳು ಇದೆ ಅನ್ನುತ್ತದೆ, ಎರಡನೇ ಸಲ ಹೊಡೆಸುತ್ತೀರಿ. ಎಐ ನಂಬಿ ಆಗುವ ತಪ್ಪುಗಳಲ್ಲಿ ಇದೇ ದೊಡ್ಡದು. ನಿಯಮ: ಸುಳಿ ಮತ್ತು ಹೊಸದಾಗಿ ಬಿಚ್ಚಿದ ಎರಡು ಮೂರು ಎಲೆ ಮಾತ್ರ. ಹಸಿ ಲದ್ದಿ ಇದೆಯೇ ನೋಡಿ. ಒದ್ದೆಯಾದ ಹೊಟ್ಟಿನ ಹಾಗೆ ಸುಳಿಯಲ್ಲಿ ಕೂತಿದ್ದರೆ ಹುಳು ಒಳಗಿದೆ, ಒಣಗಿ ಕಂದಾಗಿ ಉದುರುತ್ತಿದ್ದರೆ ಹೋಗಿದೆ.

ಗುರುತು: ಮೊದಲ ಹಂತದ ಮರಿಗಳು ಎಲೆಯ ಹಸಿರನ್ನು ಕೆರೆದು ತಿನ್ನುತ್ತವೆ, ತೆಳ್ಳನೆಯ ಬಿಳಿ ಪೊರೆ ಉಳಿಯುತ್ತದೆ. ಬೆಳೆದ ಹುಳುವಿನ ತಲೆಯ ಮೇಲೆ ತಲೆಕೆಳಗಾದ ವೈ ಆಕಾರದ ಗೆರೆ, ಬಾಲದ ಬಳಿಯ ಭಾಗದಲ್ಲಿ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆ. ಎಲೆಗೆ ಅಡ್ಡವಾಗಿ ಸಾಲು ಹಿಡಿದ ಸಣ್ಣ ದುಂಡು ತೂತು, ನಡುಸುಳಿ ಒಣಗಿ ಎಳೆದರೆ ಕಿತ್ತು ಬರುವುದು, ಇವು ಕಾಂಡ ಕೊರೆಯುವ ಹುಳುವಿನದ್ದು. ಅಂಚಿನಿಂದ ತಿಂದು ನಡುನರ ಮಾತ್ರ ಉಳಿದಿದ್ದರೆ ಅದು ಮೊದಲಿನಿಂದ ನಮ್ಮಲ್ಲಿರುವ ಬೇರೆ ಸೈನಿಕ ಹುಳು. ಮಳೆ ಹಿಡಿದ ದಿನಗಳಲ್ಲಿ ಬೆಳ್ಳಗೆ, ಆಮೇಲೆ ತಿಳಿಹಸಿರಾಗಿ ಎಲೆಗೆ ಅಂಟಿಕೊಂಡು ಗಟ್ಟಿಯಾದ ಹುಳು ಕಂಡರೆ ಅದು ಮೆಟಾರೈಜಿಯಂ ರಿಲೈ ಶಿಲೀಂಧ್ರದಿಂದ ಸತ್ತದ್ದು. ಆ್ಯಪ್ ಅದನ್ನೂ ಹುಳು ಎಂದು ಎಣಿಸುತ್ತದೆ. ಅಂಥವು ಹೆಚ್ಚಿರುವ ಹೊಲದಲ್ಲಿ ಔಷಧಿ ನಿಲ್ಲಿಸಿ, ಮೂರು ನಾಲ್ಕು ದಿನ ಕಾದು ಮತ್ತೆ ಎಣಿಸಿ.

ಸಮೀಕ್ಷೆ ಮೊಳಕೆ ಬಂದ ವಾರದಿಂದಲೇ ಶುರುವಾಗಲಿ, ವಾರಕ್ಕೆ ಎರಡು ಸಲ. ಬದುವಿನ ನಾಲ್ಕೈದು ಸಾಲು ಬಿಟ್ಟು ಒಳಗೆ ಹೋಗಿ, ಡಬ್ಲ್ಯೂ ಆಕಾರದಲ್ಲಿ ನಡೆದು ಐದು ಕಡೆ ನಿಂತು, ಒಂದೊಂದು ಕಡೆ ಸಾಲಾಗಿ 20 ಗಿಡ. ಒಟ್ಟು 100. ಹಾಳಾದ ಗಿಡ ಕಂಡ ಕಡೆಗೆ ಹುಡುಗರ ಕಾಲು ತಾನಾಗಿ ಹೋಗುತ್ತದೆ, ಅದನ್ನು ತಡೆಯಬೇಕು. ನಿಂತ ಜಾಗದಿಂದ ಸಾಲಾಗಿ ಎಣಿಸಿದರೆ ಮಾತ್ರ ಸಂಖ್ಯೆಗೆ ಅರ್ಥ. ಬರೀ 20 ಗಿಡ ನೋಡಿ 2 ಸಿಕ್ಕರೆ ನಿಜ ಬಾಧೆ ಶೇ. 1ರಿಂದ 32ರವರೆಗೆ ಏನೂ ಇರಬಹುದು. ನೂರರಲ್ಲಿ 10 ಸಿಕ್ಕರೆ ಶೇ. 5ರಿಂದ 18.

ನಾಲ್ಕು ಜನರಿಗೆ 260 ಎಕರೆ ಅಂದರೆ ತಲೆಗೆ 65 ಎಕರೆ. ಎರಡೂವರೆ ಎಕರೆಯ ತುಂಡುಗಳಾದರೆ 26 ಹೊಲ. ಒಂದಕ್ಕೆ 40 ನಿಮಿಷ ಹಿಡಿದರೆ ಒಂದು ಸುತ್ತಿಗೆ 17 ಗಂಟೆ, ವಾರಕ್ಕೆ ಎರಡು ಸುತ್ತು 35 ಗಂಟೆ. ಆಗುತ್ತದೆ, ಆದರೆ ಮಳೆಯ ದಿನ ಕಳೆದರೆ ಬಿಗಿ. ಸಮಯ ಉಳಿಸಲು: 50 ಗಿಡ ಆದಾಗ ನಿಲ್ಲಿ. ಸೊನ್ನೆ ಅಥವಾ ಒಂದೇ ಸಿಕ್ಕಿದ್ದರೆ ಮಿತಿಯ ಕೆಳಗಿದೆ ಎಂದು ಬಿಟ್ಟು ಮುಂದಿನ ಹೊಲಕ್ಕೆ ಹೋಗಿ. ಹತ್ತು ಅಥವಾ ಹೆಚ್ಚು ಸಿಕ್ಕಿದ್ದರೆ ಶೇ. 10ರ ಮಿತಿ ದಾಟಿದೆ, ಅಲ್ಲೂ ನಿಲ್ಲಿಸಬಹುದು. ನಡುವೆ ಇದ್ದರೆ ಮಾತ್ರ ನೂರು ಪೂರ್ತಿ ಮಾಡಿ.

ಮಿತಿಯ ಗೊಂದಲ ಬೆಳೆಯ ಹಂತವನ್ನು ಬಿಟ್ಟು ಓದಿದ್ದರಿಂದ ಬರುತ್ತದೆ. ನಮ್ಮಲ್ಲಿ ಎಳೆ ಗಿಡಕ್ಕೆ ಶೇ. 5 ದಾಟಿದರೆ ಬೇವು, ಶೇ. 10 ದಾಟಿದರೆ ರಾಸಾಯನಿಕ, ಸುಳಿ ಬಲಿತ ಮೇಲೆ ಶೇ. 10ರಿಂದ 20 ಎಂಬ ಕ್ರಮ ಇದೆ. ಆಫ್ರಿಕಾಕ್ಕಾಗಿ 2018ರಲ್ಲಿ ಸಿಮಿಟ್ (ಮೆಕ್ಕೆಜೋಳ, ಗೋಧಿಯ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರ) ಮತ್ತಿತರರು ತಂದ ಕೈಪಿಡಿಯಲ್ಲಿ ಎಳೆ ಸುಳಿಗೆ ಶೇ. 20, ಬಲಿತ ಸುಳಿಗೆ ಶೇ. 40. ಹೊಡೆದದ್ದಕ್ಕೆ ಗಿಟ್ಟಬೇಕಾದ್ದು ಎಷ್ಟು ಎಂದು ನೀವೇ ನೋಡಿ: ಎಕರೆಗೆ 20 ಕ್ವಿಂಟಲ್, 2025–26ರ ಬೆಂಬಲ ಬೆಲೆ 2,400 ರೂ. ಸಿಕ್ಕರೆ 48,000 ರೂ. ಔಷಧಿ, ಕೂಲಿ ಸೇರಿ 1,200 ರೂ. ಎಂದಿಟ್ಟುಕೊಂಡರೆ ಶೇ. 2.5 ಇಳುವರಿ ಉಳಿಯಬೇಕು. ಮಾರುಕಟ್ಟೆಯಲ್ಲಿ 1,800 ರೂ.ಗೆ ಇಳಿದರೆ ಅದೇ ಸಿಂಪಡಣೆಗೆ ಶೇ. 3.3 ಉಳಿಯಬೇಕು. ಬೆಲೆ ಬಿದ್ದ ವರ್ಷ ಮಿತಿ ಏರಬೇಕು, ಆ್ಯಪ್ ಇದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಔಷಧಿ: ಬೇವಿನದ್ದು, ಅಂದರೆ ಅಜಾಡಿರಾಕ್ಟಿನ್ 1500 ಪಿಪಿಎಂ, ಲೀಟರಿಗೆ 5 ಮಿ.ಲೀ. ಮೊಟ್ಟೆ ಮತ್ತು ಮರಿಗಳಿಗೆ ಮಾತ್ರ ಇದು ನಡೆಯುತ್ತದೆ, ಬೆಳೆದ ಹುಳುವಿಗೆ ದಂಡ. ಆಮೇಲೆ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ (ನೀರಿಗೆ ಕರಗುವ ಹರಳು) ಲೀಟರಿಗೆ 0.4 ಗ್ರಾಂ, ಅಥವಾ ಸ್ಪಿನೆಟೊರಾಂ 11.7 ಎಸ್‌ಸಿ (ದ್ರವ ರೂಪ) 0.5 ಮಿ.ಲೀ., ಅಥವಾ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ 0.4 ಮಿ.ಲೀ. 16 ಲೀಟರ್ ಪಂಪಿಗೆ ಎಮಾಮೆಕ್ಟಿನ್ 6.4 ಗ್ರಾಂ ಆಗುತ್ತದೆ. ಮುಚ್ಚಳದ ಅಂದಾಜು ಬೇಡ, ಸಣ್ಣ ತಕ್ಕಡಿ ಇಡಿ. ನಾಜಲ್ ಸುಳಿಯೊಳಗೆ ಮುಖ ಮಾಡಿರಬೇಕು, ಎಲೆ ಮೇಲೆ ಹೊಡೆದದ್ದು ಹುಳುವಿಗೆ ತಲುಪುವುದೇ ಇಲ್ಲ. ಬೆಳಿಗ್ಗೆ ಬೇಗ ಅಥವಾ ಸಂಜೆ. ಮೇವಿಗೆ ಕೊಯ್ಯುವ ಹೊಲವಾದರೆ ಲೇಬಲ್ಲಿನಲ್ಲಿ ಬರೆದ ಕಾಯುವ ಅವಧಿ ಮುಗಿಯುವ ತನಕ ದನಕ್ಕೆ ಹಾಕಬೇಡಿ.

---

ಅಂಗಡಿ_ಲೆಕ್ಕ

ಇಷ್ಟೆಲ್ಲ ಎಣಿಸುವ ಬದಲು 20ನೇ ದಿನಕ್ಕೊಂದು, 35ನೇ ದಿನಕ್ಕೊಂದು ಎಂದು ಎರಡು ಸಿಂಪಡಣೆ ನಿಗದಿ ಮಾಡಿದರೆ ಸಾಲದೇ? ನಾಲ್ಕು ಹುಡುಗರ ಸಂಬಳವೂ ಖರ್ಚೇ ಅಲ್ಲವೇ?

---

ಸುಳಿ_ಕೀಟ

ಬಿತ್ತನೆ ಮೂರು ನಾಲ್ಕು ವಾರ ಹರಡಿರುವಾಗ ಒಂದು ಹೊಲದ 20ನೇ ದಿನ ಪತಂಗ ಬಂದಿರುತ್ತದೆ, ಇನ್ನೊಂದರ 20ನೇ ದಿನ ಬಂದಿರುವುದಿಲ್ಲ. ನಿಗದಿ ದಿನದ ಸಿಂಪಡಣೆ ಅರ್ಧ ಹೊಲಗಳಲ್ಲಿ ಹುಳುವಿಗೆ ಮುಂಚೆ, ಕೆಲವು ಕಡೆ ಹುಳು ಸುಳಿಯ ಆಳಕ್ಕೆ ಇಳಿದ ಮೇಲೆ ಬೀಳುತ್ತದೆ. ಮೊಟ್ಟೆ ತಿನ್ನುವ ಟ್ರೈಕೊಗ್ರಾಮಾ, ಟೆಲಿನೋಮಸ್ ಕಣಜಗಳು, ಇಯರ್‌ವಿಗ್, ಗುಲಗಂಜಿ ಹುಳು ಇವೆಲ್ಲ ಸತ್ತು, ಮುಂದಿನ ಪೀಳಿಗೆಯ ಲದ್ದಿಹುಳುವಿಗೆ ತಡೆಯೇ ಇರುವುದಿಲ್ಲ.

ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಸಯಾಂಟ್ರಾನಿಲಿಪ್ರೋಲ್ 19.8 ಮತ್ತು ಥಯಾಮೆಥಾಕ್ಸಾಮ್ 19.8 ಸೇರಿದ ಬೀಜೋಪಚಾರ, ಕಿಲೋ ಬೀಜಕ್ಕೆ 4 ಮಿ.ಲೀ., ಎರಡು ಮೂರು ವಾರ ಕಾಯುತ್ತದೆ. ಅದು ಮಾಡಿದ್ದರೆ 20ನೇ ದಿನಕ್ಕೆ ಕ್ಲೋರಾಂಟ್ರಾನಿಲಿಪ್ರೋಲ್ ಹೊಡೆಯಬಾರದು. ಹುಳುವನ್ನು ಕೊಲ್ಲುವ ಬಗೆಯ ಮೇಲೆ ಔಷಧಿಗಳಿಗೆ ಗುಂಪಿನ ಸಂಖ್ಯೆ ಇರುತ್ತದೆ; ಸಯಾಂಟ್ರಾನಿಲಿಪ್ರೋಲ್ ಮತ್ತು ಅದು ಒಂದೇ ಗುಂಪು, 28ನೆಯದು. ಒಂದೇ ಪೀಳಿಗೆಗೆ ಒಂದೇ ಬಾಗಿಲಿನಿಂದ ಎರಡು ಸಲ ಹೊಡೆದರೆ ಬದುಕುಳಿದ ಹುಳುಗಳು ನಿರೋಧಕ ಶಕ್ತಿ ಹೊತ್ತು ಹೋಗುತ್ತವೆ. ಮೊದಲ ಸಿಂಪಡಣೆ ಎಮಾಮೆಕ್ಟಿನ್ ಅಥವಾ ಸ್ಪಿನೆಟೊರಾಂ ಆಗಲಿ. ಪ್ರತಿ ಹೊಲದ ದಾಖಲೆಯಲ್ಲಿ ಬೀಜೋಪಚಾರದ ಹೆಸರು, ಸಿಂಪಡಿಸಿದ ಗುಂಪಿನ ಸಂಖ್ಯೆ ಎರಡೂ ಇರಬೇಕು.

---

ಬಲೆ_ಬಿಸಿಲು

ಫೋಟೊಗಿಂತ ಅಗ್ಗದ ಮುನ್ಸೂಚನೆ ಒಂದಿದೆ, ಅದನ್ನು ಯಾರೂ ಹೇಳಲಿಲ್ಲ.

ಮೋಹಕ ಬಲೆ, ಅಂದರೆ ಫನಲ್ ಟ್ರ್ಯಾಪ್, ಬಿತ್ತಿದ ವಾರದಲ್ಲೇ ಕಟ್ಟಿ. ಬೆಳೆ ಏರಿದ ಹಾಗೆ ಬಲೆಯನ್ನೂ ಏರಿಸಿ, ಗಿಡದ ತುದಿಗಿಂತ ತುಸು ಮೇಲಿರಲಿ. ಲ್ಯೂರ್ (ಪತಂಗ ಸೆಳೆಯುವ ವಾಸನೆಯ ತುಂಡು) ತಿಂಗಳಿಗೊಮ್ಮೆ ಬದಲಿಸಿ, ಹಳೆಯದನ್ನು ಹೊಲದಲ್ಲೇ ಎಸೆಯಬೇಡಿ. ಕಡಲೆ ಕಾಯಿಕೊರಕದ ಲ್ಯೂರ್ ಮುಟ್ಟಿದ ಕೈಯಲ್ಲಿ ಲದ್ದಿಹುಳುವಿನ ಲ್ಯೂರ್ ಮುಟ್ಟಿದರೆ ಎರಡೂ ಕೆಡುತ್ತವೆ. ಬಲೆಗೆ ಬೇರೆ ಪತಂಗಗಳೂ ಬೀಳುತ್ತವೆ. ಬಲೆಯ ಫೋಟೊದಿಂದ ಎಐ ಮಾಡುವ ಎಣಿಕೆ ಹೆಚ್ಚು ತಪ್ಪುವುದು ಇದಕ್ಕೇ, ರೆಕ್ಕೆಯ ಪುಡಿ ಉದುರಿದ ಮೇಲೆ ಗುರುತು ಉಳಿಯುವುದಿಲ್ಲ. ದಿನಾ ಬೆಳಿಗ್ಗೆ ತೆಗೆದು ಎಣಿಸಿ.

ಇನ್ನು ಉಷ್ಣಾಂಶದ ಲೆಕ್ಕ. ಈ ಹುಳು ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೆಳೆಯುವುದಿಲ್ಲ. ದಿನದ ಸರಾಸರಿ ಉಷ್ಣಾಂಶದಲ್ಲಿ 12 ಕಳೆದದ್ದನ್ನು ದಿನದಿನಕ್ಕೆ ಕೂಡಿಸುತ್ತ ಹೋಗಿ. ಮೊಟ್ಟೆ ಒಡೆಯಲು ಸುಮಾರು 35, ಮೊಟ್ಟೆಯಿಂದ ಪತಂಗ ಆಗಲು ಸುಮಾರು 390 ಬೇಕು. ಮುಂಗಾರಿನಲ್ಲಿ ಸರಾಸರಿ 25 ಡಿಗ್ರಿ ಇದ್ದರೆ ದಿನಕ್ಕೆ 13. ಮೊಟ್ಟೆ ಒಡೆಯಲು ಮೂರು ದಿನಕ್ಕೆ ತುಸು ಕಡಿಮೆ, ಇಡೀ ಚಕ್ರಕ್ಕೆ 30 ದಿನ. ಅಂದರೆ ಬಲೆಯಲ್ಲಿ ಪತಂಗ ದಿಢೀರ್ ಏರಿದ ದಿನದಿಂದ ನಾಲ್ಕೈದನೇ ದಿನ ಆ ಭಾಗದ ಹೊಲಗಳಿಗೆ ಹುಡುಗರನ್ನು ಕಳಿಸಿ. ಅಲ್ಲಿಂದ ಒಂದು ವಾರ ಮರಿ ಚಿಕ್ಕದಿರುತ್ತದೆ, ಬೇವೂ ಶಿಲೀಂಧ್ರದ ಜೈವಿಕ ಔಷಧಿಯೂ ಕೆಲಸ ಮಾಡುವುದು ಆಗ. ಸುತ್ತುವ ಹೊಲಗಳ ಪಟ್ಟಿ ಹೀಗೆ ಮಾಡಿದರೆ ಮೇಲೆ ಹೇಳಿದ 35 ಗಂಟೆ ಸಾಕಷ್ಟು ಇಳಿಯುತ್ತದೆ.

ಬಲೆಗೆ ಬೀಳುವುದು ಗಂಡು ಪತಂಗ ಮಾತ್ರ. ಅದರ ಎಣಿಕೆ ಯಾವಾಗ ನೋಡಬೇಕು ಎಂದು ಹೇಳುತ್ತದೆ, ಎಷ್ಟು ಹೊಡೆಯಬೇಕು ಎಂದು ಹೇಳುವುದಿಲ್ಲ.

---

ಹಾವೇರಿ_ಬೇಸಾಯ

ಎಲ್ಲರಿಗೂ ಧನ್ಯವಾದ. ಬೀಜೋಪಚಾರದ ವಿಷಯ ಈಗಲೇ ಪಟ್ಟಿಗೆ ಸೇರಿಸುತ್ತೇವೆ. ಚಾಟ್‌ಬಾಟ್ ಪ್ರಶ್ನೆ ಉಳಿಯಿತು. ಜೊತೆಗೆ, ಈ ಫೋಟೊಗಳನ್ನೆಲ್ಲ ಕೂಡಿಸಿ ನಮ್ಮದೇ ಮಾದರಿ ಕಲಿಸುವುದು ಸಾಧ್ಯವೇ?

---

ನುಡಿ_ಯಂತ್ರ

ಚಾಟ್‌ಬಾಟ್ ಇಡಿ, ಆದರೆ ಔಷಧಿಯ ಪ್ರಮಾಣವನ್ನು ಅದರ ಬಾಯಿಂದ ಹುಟ್ಟಲು ಬಿಡಬೇಡಿ. ಕನ್ನಡದಲ್ಲಿ ಎಡವುವ ಜಾಗಗಳು ಗೊತ್ತಿರಲಿ.

ಬೆಳೆಯ ಹೆಸರೇ ಮೊದಲ ಗುಂಡಿ. ನೀವು ಗೋವಿನಜೋಳ ಅನ್ನುತ್ತೀರಿ, ಮಾತಿನಲ್ಲಿ ಗೊಂಜಾಳ, ದಾವಣಗೆರೆ ಕಡೆ ಮೆಕ್ಕೆಜೋಳ, ದಕ್ಷಿಣಕ್ಕೆ ಮುಸುಕಿನ ಜೋಳ. ಇಂಗ್ಲಿಷಿನಿಂದ ಅನುವಾದವಾಗಿ ಬಂದ ಉತ್ತರದಲ್ಲಿ ಬರೀ ಜೋಳ ಎಂದಾಗುತ್ತದೆ, ನಮಗೆ ಅದು ಬಿಳಿಜೋಳ. ಕೀಟನಾಶಕದ ಅನುಮತಿ ಇರುವುದು ಬೆಳೆಯ ಹೆಸರಿಗೆ. ಹುಳುವಿನದ್ದೂ ಹಾಗೇ: ಲದ್ದಿಹುಳು, ಸೈನಿಕ ಹುಳು, ಸುಳಿ ಹುಳು ಮೂರನ್ನೂ ಯಂತ್ರ ಬೇರೆ ಬೇರೆ ಕೀಟಕ್ಕೆ ಜೋಡಿಸಬಹುದು.

ಎರಡನೆಯದು ಅಳತೆ. ಎಕರೆಯ ಪ್ರಮಾಣಕ್ಕೆ ಹೆಕ್ಟೇರಿನದ್ದು ಬಂದರೆ ಎರಡೂವರೆ ಪಟ್ಟು ಹೆಚ್ಚಾಯಿತು. ಎಮಾಮೆಕ್ಟಿನ್ 5 ಎಸ್‌ಜಿಗೆ ಹೇಳಬೇಕಾದ್ದನ್ನು 1.9 ಇಸಿಗೆ (ಎಣ್ಣೆಯಂಥ ದ್ರವ ರೂಪ) ಹೇಳಿದರೆ ಗ್ರಾಂ ಹೋಗಿ ಮಿ.ಲೀ. ಬರುತ್ತದೆ, ಸಾಂದ್ರತೆಯೂ ಬೇರೆ. ಮೂರನೆಯದು ಹಳೆಯ ಕರಪತ್ರ. ತೌಡು, ಬೆಲ್ಲದ ಜೊತೆ ಮೊನೊಕ್ರೊಟೊಫಾಸ್ ಕಲಸುವ ಪಾಷಾಣದ ಸಲಹೆ ಅಂತರ್ಜಾಲದಲ್ಲಿ ಇನ್ನೂ ಬಿದ್ದಿದೆ, ಯಂತ್ರ ಅದನ್ನೇ ಎತ್ತಿ ಕೊಡಬಹುದು.

ಕ್ಷೇಮವಾದ ಏರ್ಪಾಟು ಹೀಗೆ. ಕೃಷಿ ವಿಜ್ಞಾನ ಕೇಂದ್ರದವರು ನೋಡಿ ಒಪ್ಪಿದ ಒಂದು ಪಟ್ಟಿ: ಬೆಳೆ, ಕೀಟ, ಹಂತ, ಔಷಧಿ, ಶೇಕಡಾ, ರೂಪ, ಲೀಟರಿಗೆ ಎಷ್ಟು, 16 ಲೀಟರ್ ಪಂಪಿಗೆ ಎಷ್ಟು, ಗುಂಪಿನ ಸಂಖ್ಯೆ, ಕಾಯುವ ದಿನ, ಪಟ್ಟಿ ನೋಡಿದ ತಾರೀಖು. ಇಪ್ಪತ್ತು ಸಾಲು ಸಾಕು. ಭಾಷಾ ಮಾದರಿಯ ಕೆಲಸ ಪ್ರಶ್ನೆ ಅರ್ಥ ಮಾಡಿಕೊಂಡು ಸಾಲಿನ ಸಂಖ್ಯೆ ಆರಿಸುವುದು ಮಾತ್ರ. ಉತ್ತರದ ಅಂಕಿಗಳು ಪಟ್ಟಿಯಿಂದ ಅಕ್ಷರಶಃ ಬರಬೇಕು. ಸಾಲು ಸಿಗದಿದ್ದರೆ "ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ" ಎಂಬ ಒಂದೇ ಉತ್ತರ. ಹೇಳುವ ಮುಂಚೆ ಅದು ತಿರುಗಿ ಕೇಳಲಿ: "ಗೊಂಜಾಳ ತಾನೇ? ಬಿತ್ತಿ ಎಷ್ಟು ದಿನ ಆಯ್ತು? ಬೀಜಕ್ಕೆ ಔಷಧಿ ಹಚ್ಚಿದ್ರಾ? ನೂರು ಗಿಡದಾಗ ಎಷ್ಟಕ್ಕ ಹುಳ ಐತಿ?" ಕೊನೆಯ ಪ್ರಶ್ನೆಗೆ ಸಂಖ್ಯೆ ಬರದಿದ್ದರೆ ಔಷಧಿಯ ಸಾಲು ತೆರೆಯಲೇಬಾರದು.

ಅಂಕಿಗಳನ್ನು ಧ್ವನಿಯಲ್ಲಿ ಹೇಳಿದ ಮೇಲೆ ಸಂದೇಶವಾಗಿಯೂ ಕಳಿಸಿ. ಗಾಳಿಯಲ್ಲಿ ಪಾಯಿಂಟ್ ನಾಲ್ಕು ಎಂಬುದು ನಾಲ್ಕು ಎಂದು ಕೇಳಿದರೆ ಹತ್ತು ಪಟ್ಟು ಆಯಿತು. "ಹತ್ತು ಲೀಟರಿಗೆ ನಾಲ್ಕು ಗ್ರಾಂ" ಎಂದು ಹೇಳಿಸುವುದು ಇನ್ನೂ ಒಳ್ಳೆಯದು.

---

ಧಾನ್ಯ_ನೋಟ

ನಿಮ್ಮ ದಾಖಲೆ ಹಾವೇರಿಯ ಆಚೆಗೂ ಬೆಲೆಯುಳ್ಳದ್ದು, ಅದಕ್ಕೇ ಈ ಮಾತು.

ಇದು ಅಮೆರಿಕ ಖಂಡದ ಹುಳು. 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಂಡಿತು, 2018ರಲ್ಲಿ ಭಾರತದೊಳಗೆ ಮೊದಲು ದಾಖಲಾದದ್ದು ನಮ್ಮ ಶಿವಮೊಗ್ಗದಲ್ಲಿ, 2019ರಲ್ಲಿ ಚೀನಾ, 2020ರಲ್ಲಿ ಆಸ್ಟ್ರೇಲಿಯ. ಪತಂಗ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರಬಲ್ಲದು. ಹತೋಟಿ ಮಾಡದಿದ್ದರೆ ಆಫ್ರಿಕಾದ 12 ದೇಶಗಳಲ್ಲೇ ವರ್ಷಕ್ಕೆ 83 ಲಕ್ಷದಿಂದ 2.06 ಕೋಟಿ ಟನ್ ಮೆಕ್ಕೆಜೋಳ ಹೋಗಬಹುದು ಎಂದು 2017ರಲ್ಲಿ ಕಾಬಿ ಎಂಬ ಅಂತರರಾಷ್ಟ್ರೀಯ ಕೃಷಿ ಸಂಸ್ಥೆ ಅಂದಾಜು ಮಾಡಿತು. ಅಲ್ಲಿ ಅದು ಕೋಳಿ ಮೇವಲ್ಲ, ಮನೆಯ ಹಿಟ್ಟು. 2024ರಲ್ಲಿ ಜಗತ್ತಿನಲ್ಲಿ ಹಸಿದವರು ಸುಮಾರು 67.3 ಕೋಟಿ ಎಂದು ವಿಶ್ವಸಂಸ್ಥೆಯ ವರದಿ. ಹಸಿವನ್ನು ಸೊನ್ನೆಗೆ ತರಬೇಕೆಂದು ಇಟ್ಟುಕೊಂಡ ಗಡುವು 2030.

ಆಫ್ರಿಕಾದಲ್ಲಿ ಕೃಷಿ ಅಧಿಕಾರಿ ಹೊಲಕ್ಕೆ ತಲುಪುವುದು ಕಷ್ಟ, ಎಐ ಅಲ್ಲಿ ನಿಜಕ್ಕೂ ಉಪಕಾರಿ. ಮರಗೆಣಸಿನ ರೋಗಗಳ ಮೇಲೆ ನುರುವನ್ನು ಪರೀಕ್ಷಿಸಿದಾಗ ಒಂದು ಎಲೆಗೆ ಶೇ. 65 ಸರಿ ಹೇಳಿತು. ವಿಸ್ತರಣಾ ಅಧಿಕಾರಿಗಳು ಶೇ. 40ರಿಂದ 58, ರೈತರು ಶೇ. 18ರಿಂದ 31. ಒಂದು ಗಿಡಕ್ಕೆ ಆರು ಎಲೆ ತೋರಿಸಿದಾಗ ಶೇ. 74ರಿಂದ 88ಕ್ಕೆ ಏರಿತು. ಆದ್ದರಿಂದ ನಿಮ್ಮಲ್ಲೂ ಗಿಡಕ್ಕೆ ಒಂದೇ ಫೋಟೊ ಸಾಲದು, ಸುಳಿಯ ಎರಡು ಮೂರು ಕೋನ ಇರಲಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಹುಳುವಿಗೆಂದೇ ತಂದ ಫೇಮ್ಸ್ ಆ್ಯಪಿನಲ್ಲಿ ಕೇಳುವುದು ಗಿಡದ ಎಣಿಕೆ ಮತ್ತು ಬಲೆಯ ಎಣಿಕೆ. ನಿಮ್ಮ ನಮೂನೆಯನ್ನೂ ಅದೇ ಕಾಲಂಗಳಲ್ಲಿ ಮಾಡಿಕೊಂಡರೆ ಮುಂದೆ ಯಾರ ಜೊತೆ ಹೋಲಿಸಲೂ ಬರುತ್ತದೆ.

ಇನ್ನು ದಾಖಲೆಯ ಒಡೆತನ. ಫೋಟೊದೊಳಗೆ ಹೊಲದ ಜಾಗದ ಗುರುತು ಕೂತಿರುತ್ತದೆ. ಔಷಧಿ ಮಾರುವವರ ಆ್ಯಪಿಗೆ 260 ಎಕರೆಯ ಬಾಧೆಯ ನಕ್ಷೆ ಪುಕ್ಕಟೆ ಹೋಗದಂತೆ ಒಪ್ಪಂದದಲ್ಲಿ ಬರೆಸಿ.

---

ಚಿತ್ರ_ಲೆಕ್ಕ

ಸ್ವಂತ ಮಾದರಿ ಸಾಧ್ಯ. ಮೊದಲ ವರ್ಷವೇ ಬೇಡ, ಫೋಟೊ ಕೂಡಿಸುತ್ತ ಹೋಗಿ. ಪ್ರತಿ ಫೋಟೊ ಜೊತೆ ಹೊಲದ ಸಂಖ್ಯೆ, ಬಿತ್ತಿದ ದಿನ, ಮೊಬೈಲ್ ಯಾವುದು, ಸುಳಿ ಬಿಡಿಸಿದಾಗ ಸಿಕ್ಕಿದ್ದು ಏನು, ಇಷ್ಟು ಇರಲಿ. ಸುಳಿ ಬಿಡಿಸಿ ನೋಡದ ಫೋಟೊ ಕಲಿಸಲು ಬಾರದು.

ಕಲಿಸುವಾಗ ಎಲ್ಲರೂ ಮಾಡುವ ತಪ್ಪು: ಫೋಟೊಗಳನ್ನು ಕಲಸಿ ಶೇ. 80 ಕಲಿಕೆಗೆ, ಶೇ. 20 ಪರೀಕ್ಷೆಗೆ ಇಡುವುದು. ಒಂದೇ ಗಿಡದ ಎರಡು ಫೋಟೊ ಎರಡೂ ಕಡೆ ಹೋಗುತ್ತವೆ, ನಿಖರತೆ ಸುಳ್ಳುಸುಳ್ಳೇ ಏರುತ್ತದೆ. ಹೊಲವನ್ನೇ ಭಾಗ ಮಾಡಿ: ಪರೀಕ್ಷೆಯ ಹೊಲದ ಒಂದು ಫೋಟೊವೂ ಕಲಿಕೆಯಲ್ಲಿ ಇರಬಾರದು.

ಇನ್ನೊಂದು ಅಳತೆಯ ವಿಷಯ. ಮೊಬೈಲಿನೊಳಗೆ ಓಡುವ ಮೊಬೈಲ್‌ನೆಟ್ ತರಹದ ಮಾದರಿಗಳು ಸಾಮಾನ್ಯವಾಗಿ ಫೋಟೊವನ್ನು 224 × 224 ಪಿಕ್ಸೆಲ್‌ಗೆ ಕುಗ್ಗಿಸಿ ನೋಡುತ್ತವೆ. ಫೋಟೊದಲ್ಲಿ 40 ಸೆಂ.ಮೀ. ಅಗಲ ಬಂದಿದ್ದರೆ ಒಂದು ಪಿಕ್ಸೆಲ್‌ಗೆ 1.8 ಮಿ.ಮೀ. ಆಗತಾನೆ ಒಡೆದ ಮರಿಯ ಉದ್ದ 2 ಮಿ.ಮೀ.ಗೂ ಕಡಿಮೆ, ಅದು ಒಂದೇ ಚುಕ್ಕೆಯಾಗಿ ಅಳಿಸಿಹೋಗುತ್ತದೆ. ನಿಮ್ಮ ಕ್ಯಾಮೆರಾ 50 ಮೆಗಾಪಿಕ್ಸೆಲ್ ಇದ್ದರೂ ಅಷ್ಟೇ. ಚೌಕಟ್ಟಿನೊಳಗೆ ಒಂದು ಗೇಣಿಗಿಂತ ಕಡಿಮೆ, 15 ಸೆಂ.ಮೀ. ಮಾತ್ರ ಬರುವ ಹಾಗೆ ಹತ್ತಿರ ಹೋದರೆ ಒಂದು ಪಿಕ್ಸೆಲ್‌ಗೆ 0.67 ಮಿ.ಮೀ.; ಮರಿ ಕೆರೆದು ಉಳಿದ ಬಿಳಿ ಪೊರೆ ಸ್ಪಷ್ಟವಾಗಿ ಕಾಣುತ್ತದೆ. ಹುಡುಗರ ಕೈಗೆ 15 ಸೆಂ.ಮೀ. ಕಡ್ಡಿ ಕೊಡಿ. ಫೋಟೊ ತೆಗೆಯುವಾಗ ಕಡ್ಡಿಯ ಉದ್ದ ಚೌಕಟ್ಟಿನ ಅಗಲಕ್ಕೆ ಸರಿ ಹೊಂದುವ ಹಾಗೆ ನಿಂತು, ಕಡ್ಡಿ ತೆಗೆದು, ಆಮೇಲೆ ಒತ್ತಲಿ. ಕಡ್ಡಿಯೇ ಫೋಟೊದಲ್ಲಿ ಉಳಿದರೆ ಮಾದರಿ ಕಡ್ಡಿಯನ್ನೂ ಕಲಿತುಬಿಡುತ್ತದೆ.